ಎರಡು ಸುತ್ತಿನ ಗಂಟು

ಆ ಗಂಟನ್ನು ಬಿಗಿದವಳು ನಾನೇ. ಎಲೆ ಚೆಲ್ಲಬಾರದೆಂದು ಎರಡು ಸುತ್ತು ಹಾಕಿದ್ದೆ. ಈಗಲೂ ಹಿಟ್ಟು ನಾದುವಾಗ, ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ, ನನ್ನ ಬೆರಳುಗಳು ಸುಮ್ಮನೆ ಅದನ್ನು ಬಿಚ್ಚತೊಡಗುತ್ತವೆ.

ಬಿಬವೇವಾಡಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಮುಂದೆ ಒಂದು ಮಾವಿನ ಮರ, ಒಂದಿಷ್ಟು ಹುಲ್ಲು. ವಸತಿ ಸೊಸೈಟಿಯ ಹಿಂದೆ ಗೊಬ್ಬರದ ಗುಂಡಿ ಇದೆ. ಅದನ್ನು ನೋಡಿಕೊಳ್ಳುವ ಹೆಂಗಸು ವಿಜಯಪುರದ ಕಡೆಯವರು. ಎಲ್ಲರೊಂದಿಗೆ ಮರಾಠಿ, ನನ್ನೊಂದಿಗೆ ಕನ್ನಡ. ಇಲ್ಲಿಯ ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ನಾನು ಅವರನ್ನು ಮಾವಶಿ ಎನ್ನುತ್ತೇನೆ. ಎಲೆಕಸವನ್ನು ಮಣ್ಣಲ್ಲಿ ಕೊಳೆಯುವ ಚೀಲದಲ್ಲಿ ಕೊಟ್ಟರೆ ಅವರು ಚೀಲಸಮೇತ ಗುಂಡಿಗೆ ಎಸೆಯುತ್ತಾರೆ. ಪ್ಲಾಸ್ಟಿಕ್ಕಿನದಾದರೆ ಬಿಚ್ಚಿ, ಕೈಹಾಕಿ, ಎಲ್ಲವನ್ನೂ ಬಾಚಿ ತೆಗೆಯಬೇಕು.

ಕೊಳೆಯುವ ಚೀಲಗಳ ಒಂದು ಕಟ್ಟನ್ನು ನಾನೂ ತಂದಿದ್ದೆ. ಹೊಸ ಚಾದರವನ್ನು ನೆಂಟರಿಗೆಂದು ಎತ್ತಿಡುವ ಹಾಗೆ ಅಟ್ಟದ ಮೇಲಿಟ್ಟೆ. ಮೊದಲು ಮನೆಯಲ್ಲಿದ್ದ ಕರಿ ಪ್ಲಾಸ್ಟಿಕ್ ಚೀಲಗಳು ಮುಗಿಯಲಿ ಎಂದುಕೊಂಡೆ. ಎರಡು ಬೇಸಿಗೆ ಕಳೆದವು. ಈ ಸಲ ಇಳಿಸಿ ಬಿಡಿಸಿದರೆ ಅವು ಹಳೆಯ ಹಪ್ಪಳದಂತೆ ಕೈಯಲ್ಲೇ ಮುರಿದವು. ಮತ್ತೆ ಕರಿ ಚೀಲವನ್ನೇ ಹಿಡಿದೆ. ಅರ್ಧ ತುಂಬಿದ ಚೀಲ ಎರಡು ದಿನ ಮರದ ಬುಡದಲ್ಲಿ ಬಾಯಿ ತೆರೆದು ಅಡ್ಡ ಬಿದ್ದಿತ್ತು. ಮೂರನೆಯ ಬೆಳಿಗ್ಗೆ ಒಳಗೆ ನೋಡದೆ ಮೇಲಿಂದ ಮತ್ತಷ್ಟು ಎಲೆ ತುರುಕಿ, ಕಟ್ಟಿ, ಗುಂಡಿಯವರೆಗೆ ಎಳೆದೊಯ್ದೆ.

ಮಾವಶಿ ಗಂಟಿಗೆ ಕೈಹಾಕಿದರು. ಕೈಗವಸು ಜಾರುತ್ತಿತ್ತು. ಅದನ್ನು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಉಗುರಿನಿಂದ ಗಂಟು ಸಡಿಲಿಸಿ, ಮೊಣಕೈವರೆಗೆ ತೋಳನ್ನು ಒಳಗಿಳಿಸಿದರು. ಕುಕ್ಕರ್ ಸೀಟಿ ಹೊಡೆಯುವ ಮೊದಲಿನಂಥ ಒಂದು ಉಸಿರು ಕೇಳಿಸಿತು.

"ಗಾಳಿ ಹೊಂಟ್ತು ನೋಡ್ರಿ," ಎಂದು ನಕ್ಕರು. "ಭಾಳ ತುಂಬೀರಿ ಅಕ್ಕಾರ."

ಉಸಿರು ನಿಲ್ಲಲಿಲ್ಲ. ಚೀಲ ಕುಗ್ಗಲೂ ಇಲ್ಲ. ಬದಿಯ ಒಂದು ಹರುಕಿನಲ್ಲಿ ಎಲೆಗಳ ನಡುವೆ ಕಂದು ಸರಪಳಿಯಂಥ ಗುರುತುಗಳು ನಿಧಾನವಾಗಿ ಸರಿದವು. ಕೊಳಕುಮಂಡಲ. ಹೆಸರು ತಿಳಿದಿತ್ತು, ಕೈ ಎಳೆಯಿರಿ ಎನ್ನಬೇಕೋ, ಅಲುಗಾಡಬೇಡಿ ಎನ್ನಬೇಕೋ ತಿಳಿದಿರಲಿಲ್ಲ. ಓದಿದ್ದೆಲ್ಲ ಅಲ್ಲಿಗೆ ಮುಗಿದಿತ್ತು.

"ಮಾವಶಿ, ಅದು ಗಾಳಿ ಅಲ್ರಿ."

ಅವರು ನನ್ನ ಮುಖ ನೋಡಿದರು, ಚೀಲವನ್ನಲ್ಲ. ನಗು ಹಾಗೇ ನಿಂತಿತು. ಆಮೇಲೆ ತೋಳು ಮೇಲೆ ಬರತೊಡಗಿತು. ಮೊಣಕೈ. ಹಸಿರು ಬಳೆಗಳು, ಸದ್ದಿಲ್ಲದೆ. ಮಣಿಕಟ್ಟಿನ ಹತ್ತಿರ ಒಂದು ಒಣಗಿದ ಎಲೆ ಅಂಟಿಕೊಂಡು ಬಂತು. ಕೊನೆಗೆ ಬೆರಳುಗಳು. ಪ್ರತಿಯೊಂದನ್ನೂ ನಾನು ನೋಡಿದೆ. ಅವು ಹೊರಬಂದ ಮೇಲೂ ಅದೇ ಉಸಿರು ಕೇಳುತ್ತಲೇ ಇತ್ತು.

ಹಾವು ಹಿಡಿಯುವಾತ ಬಂದು ಚೀಲ ಮಗುಚಿದಾಗ ನಾವಿಬ್ಬರೂ ಪಂಪಿನ ಕಟ್ಟೆಯ ಮೇಲೆ ಕೂತಿದ್ದೆವು. ಹಾವು ನನ್ನ ತೋಳಿನಷ್ಟು ದಪ್ಪವಿತ್ತು. ಮಾವಶಿ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಎಲ್ಲೂ ಹಲ್ಲಿನ ಗುರುತಿರಲಿಲ್ಲ. ಕೊಳೆಯುವ ಚೀಲ ಯಾಕೆ ತರಲಿಲ್ಲ ಎಂದು ಕೇಳಿದರು. ಅಟ್ಟದ ಕಥೆಯನ್ನೆಲ್ಲ ಹೇಳಿದೆ.

"ಪೂಜಾ ಮಾಡಾಕ ಇಟ್ಟಿದ್ರೇನ್ರಿ?" ಅಂದರು. ದನಿಯಲ್ಲಿ ನಗು ಇರಲಿಲ್ಲ.

ಈಗ ನಾನು ಬೇಕಾದಷ್ಟೇ ಕೊಳೆಯುವ ಚೀಲ ತರುತ್ತೇನೆ, ತುಂಬಿದ ದಿನವೇ ಒಯ್ಯುತ್ತೇನೆ. ಬಿಚ್ಚುವ ಕೆಲಸವಿಲ್ಲ, ಅವರು ಹಾಗೇ ಎತ್ತಿ ಎಸೆಯಬಹುದು. ಆದರೂ ಮೊದಲು ಕೋಲಿನಿಂದ ಎರಡು ಸಲ ತಟ್ಟುತ್ತಾರೆ. ಆಮೇಲೆ ಇಬ್ಬರೂ ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತೇವೆ. ಕೈಗವಸನ್ನು ಅವರೀಗ ಕಳಚುವುದೇ ಇಲ್ಲ.