ಎರಡು ಸೀಟಿ, ಇಳಿಸದ ಕೈ

ಬಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡು ನೋಡುವವರು ಪ್ರೇಕ್ಷಕರು. ರೆಫರಿ ನೋಡಬೇಕಾದದ್ದು ಕಾಲು. ಅದೂ ಚೆಂಡು ಹಿಡಿದು ನುಗ್ಗುವವಳ ಕಾಲಲ್ಲ, ಎದುರು ನಿಂತವಳ ಕಾಲು. ನುಗ್ಗುವವಳು ಬುಟ್ಟಿಯತ್ತ ಜಿಗಿಯುವ ಮೊದಲೇ ಎದುರಿನವಳು ಎರಡೂ ಪಾದ ಊರಿ, ಎದೆ ಕೊಟ್ಟು ನಿಂತಿದ್ದರೆ, ಆಮೇಲೆ ಡಿಕ್ಕಿ ಹೊಡೆದದ್ದು ನುಗ್ಗಿದವಳ ತಪ್ಪು. ಅದಕ್ಕೆ ಚಾರ್ಜ್ ಅನ್ನುತ್ತೇವೆ. ಜಿಗಿದ ಮೇಲೆ ಅಡ್ಡ ಬಂದರೆ ಅಡ್ಡ ಬಂದವಳ ತಪ್ಪು, ಅದು ಬ್ಲಾಕ್. ಚಾರ್ಜಿಗೆ ಮುಷ್ಟಿಯಿಂದ ಅಂಗೈ ಗುದ್ದಿ ತೋರಿಸಬೇಕು, ಬ್ಲಾಕಿಗೆ ಎರಡೂ ಕೈ ಸೊಂಟದ ಮೇಲೆ. ಹೇಳಲು ಅರ್ಧ ನಿಮಿಷ ಸಾಕು. ಮೈದಾನದಲ್ಲಿ ಮಾತ್ರ ಅದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗಿರುತ್ತದೆ, ಅಷ್ಟಕ್ಕೆ ಜನ ನಮ್ಮನ್ನು ವರ್ಷಗಟ್ಟಲೆ ಬೈಯುತ್ತಾರೆ.

ನಾನು ಸವದತ್ತಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ರೆಫರಿ ಕೆಲಸವನ್ನು ನನಗೆ ಕಲಿಸಿದವರು ಕಿತ್ತೂರು ಕಡೆಯ ಒಬ್ಬ ಹಿರಿಯ ಶಿಕ್ಷಕರು. ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಬರೀ ಸರ್ ಅಂದರೆ ಅವರೇ ಎಂದು ಎಲ್ಲರಿಗೂ ಗೊತ್ತು. ಎಲ್ಲಿ ನಿಂತರೆ ಇಬ್ಬರು ಆಟಗಾರ್ತಿಯರ ನಡುವಿನ ಸಂದು ಕಾಣುತ್ತದೆ, ಓಡುವಾಗ ಮುಖ ಯಾವ ಕಡೆ ಇರಬೇಕು, ಸೀಟಿ ಊದಿದ ಮೇಲೆ ಉಸಿರು ಹೇಗೆ ಹಿಡಿಯಬೇಕು, ಎಲ್ಲವನ್ನೂ ಬೈದು ಬೈದು ಕಲಿಸಿದರು. ಆ ಋಣವನ್ನು ನಾನು ಮರೆತಿಲ್ಲ. ಮುಂದಿನದನ್ನು ಓದಿ, ಇವಳಿಗೆ ಗುರುಭಕ್ತಿಯಿಲ್ಲ ಎಂದು ಯಾರಾದರೂ ಅನ್ನುವ ಮೊದಲೇ ಇದನ್ನು ಹೇಳಿಬಿಟ್ಟಿದ್ದೇನೆ.

ನಮ್ಮಲ್ಲಿ ಒಂದು ಪಂದ್ಯಕ್ಕೆ ಇಬ್ಬರು ರೆಫರಿ. ಒಂದೇ ಡಿಕ್ಕಿಗೆ ಇಬ್ಬರೂ ಸೀಟಿ ಊದಿದರೆ ಏನು ಮಾಡಬೇಕು ಎಂಬುದು ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಮುಷ್ಟಿ ಮೇಲೆತ್ತಿ ಸುಮ್ಮನೆ ನಿಲ್ಲಬೇಕು. ಬ್ಲಾಕೋ ಚಾರ್ಜೋ ತೋರಿಸುವ ಅವಸರ ಮಾಡಬಾರದು. ಒಬ್ಬರನ್ನೊಬ್ಬರು ನೋಡಿ, ಯಾರ ಪಾಲಿನ ಜಾಗದಲ್ಲಿ ಅದು ನಡೆಯಿತೋ ಅವರು ಹೇಳಬೇಕು. ಆಗಲೂ ಒಮ್ಮತ ಬರದಿದ್ದರೆ ಮುಖ್ಯ ರೆಫರಿಯ ಮಾತೇ ಕೊನೆ.

ಪುಸ್ತಕದಲ್ಲಿಲ್ಲದ ಇನ್ನೊಂದು ನಿಯಮ ನಮ್ಮ ಕಡೆ ಇತ್ತು. ಎರಡು ಸೀಟಿ ಬಿದ್ದರೆ ಕಿರಿಯರು ಕೈ ಇಳಿಸಬೇಕು. ಇಬ್ಬರಲ್ಲಿ ಒಬ್ಬಳು ಹೆಂಗಸಾದರೆ ವಯಸ್ಸು ಕೇಳುವ ಗೋಜೂ ಇಲ್ಲ. ಹದಿನಾಲ್ಕು ವರ್ಷ ನಾನು ಕೈ ಇಳಿಸಿದ್ದೇನೆ. ನೋಡಿದ್ದು ನಾನು, ಎರಡು ಮಾರು ದೂರದಲ್ಲಿ. ಆಚೆ ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವರು ಊದಿದ್ದಾರೆ, ನಾನು ಕೈ ಇಳಿಸಿದ್ದೇನೆ. ಒಮ್ಮೆ ಬೈಲಹೊಂಗಲದಲ್ಲಿ ನನಗಿಂತ ಆರು ವರ್ಷ ಚಿಕ್ಕವನೊಬ್ಬ ಊದಿದ್ದಕ್ಕೂ ಇಳಿಸಿದೆ. ಅವನು ಪಾಪ, ನನ್ನನ್ನು ನೋಡಿ ತಾನೂ ಇಳಿಸಿಬಿಟ್ಟ. ತೀರ್ಪು ಹೇಳುವವರೇ ಇಲ್ಲದೆ ಮಕ್ಕಳು ನಮ್ಮಿಬ್ಬರ ಮುಖ ನೋಡುತ್ತ ನಿಂತವು. ಮನೆಗೆ ಬಂದು ಇದನ್ನು ಹೇಳಿ ನಕ್ಕೆ. ಆದರೆ ಸಿಟ್ಟು ನನ್ನ ಮೇಲೆಯೇ ಇತ್ತು.

ನಾಲ್ಕು ತಾಲೂಕಿನ ಶಾಲೆಗಳು ಸೇರಿ ನಡೆಸುವ ಬಾಲಕಿಯರ ಪಂದ್ಯಾವಳಿ ಆ ವರ್ಷ ಸವದತ್ತಿಯಲ್ಲಿತ್ತು. ಫೈನಲ್ ರಾಮದುರ್ಗಕ್ಕೂ ಬೈಲಹೊಂಗಲಕ್ಕೂ. ಪಟ್ಟಿಯಲ್ಲಿ ಮೊದಲ ಬಾರಿಗೆ ಮುಖ್ಯ ರೆಫರಿ ಎಂಬ ಜಾಗದಲ್ಲಿ ನನ್ನ ಹೆಸರು, ಎರಡನೇ ರೆಫರಿ ಸರ್. ಹುಡುಗಿಯರ ಆಟ, ಒಬ್ಬ ಹೆಣ್ಣುಮಗಳ ಹೆಸರು ಮೇಲಿದ್ದರೆ ಚೆಂದ ಕಾಣುತ್ತದೆ ಎಂದು ಯಾರೋ ಬರೆದಿದ್ದರಂತೆ. ಯಾಕಾದರೂ ಬರೆದಿರಲಿ, ಬರೆದದ್ದು ಬರೆದದ್ದೇ. ನಾನು ಆ ಕಾಗದವನ್ನು ಮೂರು ಸಲ ನೋಡಿದೆ.

ಪಂದ್ಯಕ್ಕೆ ಮುನ್ನ ಮುಖ್ಯ ರೆಫರಿ ಮಾಡಲೇಬೇಕಾದ ಕೆಲಸವೊಂದಿದೆ. ಜೊತೆಗಾರರನ್ನು ಪಕ್ಕಕ್ಕೆ ಕರೆದು ಮಾತಾಡಬೇಕು. ಬುಟ್ಟಿಯ ಕೆಳಗೆ ನಿಂತವರು ಇಷ್ಟು ಜಾಗ ನೋಡಿಕೊಳ್ಳಲಿ, ಹಿಂದಿನಿಂದ ಬರುವವರು ಇಷ್ಟು, ಎರಡು ಸೀಟಿ ಬಿದ್ದರೆ ಹೀಗೆ ಎಂದು ಒಪ್ಪಿಕೊಳ್ಳಬೇಕು. ಹತ್ತು ನಿಮಿಷದ ಮಾತು. ಸರ್ ನೆರಳಲ್ಲಿ ಕುಳಿತು ಬೂಟಿನ ದಾರ ಬಿಗಿಯುತ್ತಿದ್ದರು. ನಾನು ಹೋಗಿ ಎದುರು ನಿಂತೆ. ಈ ಪಾಠ ನನಗೆ ಹೇಳಿಕೊಟ್ಟವರಿಗೇ ನಾನು ಅದನ್ನು ಹೇಳುವುದು ಹೇಗೆ? ಅಜ್ಜಿಗೆ ಕೆಮ್ಮು ಕಲಿಸಿದಂತಾಗುತ್ತದೆ ಅನ್ನಿಸಿತು. ನೀರು ಬೇಕೇ ಎಂದು ಕೇಳಿ, ಬಾಟಲಿ ಕೊಟ್ಟು ವಾಪಸು ಬಂದೆ.

ಪಂದ್ಯ ಜೋರಾಗಿ ನಡೆಯಿತು. ರಾಮದುರ್ಗದ ತಂಡದಲ್ಲಿ ಒಬ್ಬ ಹುಡುಗಿಯಿದ್ದಳು, ಒಂಬತ್ತನೇ ತರಗತಿ, ಕಡ್ಡಿಯಂಥವಳು. ಅವಳು ಚೆಂಡು ಹಿಡಿದು ತಿರುಗಿದರೆ ಎದುರಿನವರು ದಾರಿ ಬಿಡುತ್ತಿದ್ದರು. ಅವಳ ಹೆಸರಿನ ಮುಂದೆ ಆಗಲೇ ನಾಲ್ಕು ಫೌಲ್. ಐದನೆಯದಾದರೆ ಹೊರಗೆ. ಕೊನೆಗೆ ಆರು ಸೆಕೆಂಡು ಉಳಿದಾಗ ಬೈಲಹೊಂಗಲ ಒಂದು ಅಂಕ ಮುಂದಿತ್ತು, ಚೆಂಡು ಈ ಹುಡುಗಿಯ ಕೈಯಲ್ಲಿತ್ತು. ಸರ್ ಬುಟ್ಟಿಯ ಕೆಳಗೆ, ನಾನು ಹಿಂದಿನಿಂದ ಓಡಿ ಬರುತ್ತಿದ್ದೆ. ಅವಳು ನುಗ್ಗಿದಳು, ಜಿಗಿದಳು. ಎದುರು ಬೈಲಹೊಂಗಲದ ದಪ್ಪ ಹುಡುಗಿ ಎದೆ ಕೊಟ್ಟು ನಿಂತಳು. ಇಬ್ಬರೂ ನೆಲಕ್ಕೆ, ಚೆಂಡು ಬುಟ್ಟಿಯೊಳಕ್ಕೆ, ಎರಡು ಸೀಟಿ ಒಟ್ಟಿಗೆ.

ಮುಷ್ಟಿ ಎತ್ತಿ ನಿಲ್ಲಬೇಕಿತ್ತು. ಇಬ್ಬರೂ ನಿಲ್ಲಲಿಲ್ಲ. ನಾನು ಅಂಗೈಗೆ ಗುದ್ದಿದ್ದೆ. ತಲೆಯೆತ್ತಿ ನೋಡಿದರೆ ಆ ಕಡೆ ಸರ್ ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ಎರಡೂ ಪ್ರಾಣಿಗಳು ಊರ ಮಂದಿಯ ಮುಂದೆ ನಿಂತಿದ್ದವು. ಬ್ಲಾಕ್ ಅಂದರೆ ಬುಟ್ಟಿ ಲೆಕ್ಕಕ್ಕೆ ಬರುತ್ತದೆ, ರಾಮದುರ್ಗ ಮುಂದೆ ಹೋಗುತ್ತದೆ, ಮೇಲೊಂದು ಫ್ರೀ ಥ್ರೋ, ಯಾರೂ ತಡೆಯದೆ ಬುಟ್ಟಿಗೆ ಎಸೆಯುವ ಅವಕಾಶ. ಚಾರ್ಜ್ ಅಂದರೆ ಬುಟ್ಟಿ ರದ್ದು, ಆ ಹುಡುಗಿಗೆ ಐದನೇ ಫೌಲ್, ಚೆಂಡು ಬೈಲಹೊಂಗಲಕ್ಕೆ.

ಸರ್ ನಡೆದು ಬಂದರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ನನ್ನ ಕೈ ಇಳಿಯುವುದನ್ನು ಅವರು ಕಾಯುತ್ತಿದ್ದರು, ಬಸ್ ಬರುವುದನ್ನು ಕಾಯುವ ಹಾಗೆ. ಹದಿನಾಲ್ಕು ವರ್ಷ ತಪ್ಪದೆ ಬಂದ ಬಸ್ಸು.

“ಕೈ ಇಳಸವಾ,” ಎಂದರು ಮೆಲ್ಲಗೆ.

“ನೀವು ಏನ್ ನೋಡಿದ್ರಿ ಸರ್? ಅದನ್ನಷ್ಟ ಹೇಳ್ರಿ.”

“ನಾ ನೋಡೇನಿ ಅಂದ್ರ ನೋಡೇನಿ. ಮಂದಿ ಮುಂದ ವಾದ ಬ್ಯಾಡ. ಕೈ ಇಳಸು.”

ಅಷ್ಟರಲ್ಲಿ ಸಂಘಟಕರೊಬ್ಬರು ಓಡಿ ಬಂದು, ಇಬ್ಬರು ಹುಡುಗಿಯರಿಗೂ ಒಂದೊಂದು ಫೌಲ್ ಕೊಟ್ಟುಬಿಡಿ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದರು. ನನಗೆ ರೇಗಿತು. ಹಾವು ಯಾರು, ಕೋಲು ಯಾರು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಸರ್ ಮತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಕ್ಷಣ ನನಗೆ ಗೊತ್ತಾದದ್ದು ಒಂದೇ. ಇವತ್ತು ಇಳಿಸಿದರೆ ಇನ್ನು ಮೇಲೆ ಎಂದೂ ಎತ್ತುವುದಿಲ್ಲ. ನಾನು ತಿರುಗಿ ಸ್ಕೋರ್ ಟೇಬಲ್ಲಿಗೆ ನಡೆದು, ಮುಖ್ಯ ರೆಫರಿಯ ತೀರ್ಪು ಚಾರ್ಜ್, ಬುಟ್ಟಿ ಇಲ್ಲ ಎಂದು ಬರೆಸಿದೆ. ರಾಮದುರ್ಗದ ಹುಡುಗಿ ಎದ್ದು ಅಂಗಿಯ ಮಣ್ಣು ಕೊಡವಿಕೊಂಡು, ನನ್ನನ್ನು ಒಮ್ಮೆ ನೋಡಿ ಹೊರಗೆ ಹೋದಳು. ಬೈಲಹೊಂಗಲ ಗೆದ್ದಿತು. ಸರ್ ಬಹುಮಾನ ವಿತರಣೆಗೆ ನಿಲ್ಲದೆ ಹೊರಟುಹೋದರು. ನಾನು ನಿಂತೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಎರಡು ದಿನ ಉಳಿಯಿತು. ಮೂರನೇ ದಿನ ದೈಹಿಕ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಸರ್ ಒಂದು ವಿಡಿಯೋ ಹಾಕಿದರು. ಬುಟ್ಟಿಯ ಪಕ್ಕದಲ್ಲಿದ್ದ ಯಾವುದೋ ಹುಡುಗಿಯ ತಾಯಿ ಮೊಬೈಲಿನಲ್ಲಿ ತೆಗೆದದ್ದು. ನಾನು ಅದನ್ನು ನಿಧಾನ ಮಾಡಿ, ನಿಲ್ಲಿಸಿ, ಮತ್ತೆ ನಿಧಾನ ಮಾಡಿ ನೋಡಿದೆ. ರಾಮದುರ್ಗದ ಹುಡುಗಿಯ ಕಾಲು ನೆಲ ಬಿಟ್ಟಾಗಿತ್ತು. ಬೈಲಹೊಂಗಲದವಳ ಬಲಗಾಲು ಆಗಿನ್ನೂ ಗಾಳಿಯಲ್ಲಿ. ಹಿಂದಿನಿಂದ ಬಂದ ನನಗೆ ಕಂಡದ್ದು ಅವಳ ಎದೆ ಮತ್ತು ಎಡಗಾಲು ಮಾತ್ರ. ಬುಟ್ಟಿಯ ಕೆಳಗಿದ್ದ ಸರ್‌ಗೆ ಎರಡೂ ಕಾಲು ಕಂಡಿದ್ದವು. ಅದು ಬ್ಲಾಕ್. ನಾನು ಊದಿದ್ದು ತಪ್ಪು.

ಗುಂಪಿನಲ್ಲಿ ಕೈಮುಗಿಯುವ ಚಿತ್ರ, ನಗುವ ಚಿತ್ರ ಸಾಲಾಗಿ ಬರತೊಡಗಿದವು. ನಾನು ಬರೆದೆ: ಸರ್ ತೀರ್ಪು ಸರಿ, ನನ್ನದು ತಪ್ಪು. ಆದರೆ ಅವತ್ತು ಕೊನೆಯ ಮಾತು ಹೇಳುವ ಹಕ್ಕು ನನ್ನದೇ ಇತ್ತು, ಅದನ್ನು ಬಳಸಿದ್ದಕ್ಕೆ ಪಶ್ಚಾತ್ತಾಪವಿಲ್ಲ. ನಗುವ ಚಿತ್ರಗಳು ನಿಂತವು.

ಬರೆದದ್ದು ಶಿಕ್ಷಕರಿಗೆ. ಸೋತವಳು ಆ ಹುಡುಗಿ. ಭಾನುವಾರ ಸವದತ್ತಿಯಿಂದ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಸ್ಕೆಟ್‌ಬಾಲ್ ಆಡುವ ಹುಡುಗಿ ಅಂದ ಕೂಡಲೇ ತೋರಿಸಿದರು. ಗೋಡೆಯ ಮೇಲೆ ಬುದ್ಧನ ಪಟ, ಪಡಸಾಲೆಯಲ್ಲಿ ತಾಯಿಯ ಹೊಲಿಗೆ ಯಂತ್ರ. ತಾಯಿ ಯಂತ್ರ ನಿಲ್ಲಿಸಿ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, ಚಹಾಕ್ಕೆ ಇಡಲು ಒಳಗೆ ಹೋದರು. ನನ್ನ ತೀರ್ಪು ತಪ್ಪಾಗಿತ್ತು, ನಿನ್ನ ಬುಟ್ಟಿ ನಿಜವಾದ ಬುಟ್ಟಿ, ಅಷ್ಟು ಹೇಳಲು ಬಂದೆ ಎಂದೆ.

“ನನಗ ಅವತ್ತ ಗೊತ್ತಿತ್ರಿ ಮೇಡಂ,” ಎಂದಳು. “ನಾ ಜಿಗದ ಮ್ಯಾಲ ಆಕಿ ಕಾಲ ಇಟ್ಟಳು. ನೀವು ಇಬ್ಬರೂ ಅಷ್ಟೊತ್ತು ನಿಂತು ಮಾತಾಡಾಕ ಹತ್ತಿದ್ರಲ್ಲ, ಆಕಿ ಕಾಲಿನ ಮಾತು ಬರಲಿಲ್ಲೇನ್ರಿ?”

ಬರಲಿಲ್ಲ. ನಾವಿಬ್ಬರು ಮಾತಾಡಿದ್ದೆಲ್ಲ ನನ್ನ ಕೈಯ ಬಗ್ಗೆ. ಅದನ್ನು ಅವಳಿಗೆ ಹೇಳುವುದು ಹೇಗೆಂದು ತಿಳಿಯದೆ, ಇಲ್ಲ, ಬರಲಿಲ್ಲ ಎಂದಷ್ಟೇ ಹೇಳಿದೆ. ಅವಳು ಮತ್ತೆ ಯಾವಾಗ ಆಟ ಎಂದು ಕೇಳಿದಳು. ನಾನು ಚಹಾ ಕುಡಿದು ಎದ್ದೆ.

ಮರಳಿ ಬರುವಾಗ ಬಸ್ಸಿನಲ್ಲಿ ಒಂದು ವಿಷಯ ಸ್ಪಷ್ಟವಾಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ. ನಾನು ಎಡವಿದ್ದು ಸರ್ ಎದುರು ಕೈ ಇಳಿಸದೆ ನಿಂತಾಗ ಅಲ್ಲ. ಅದಕ್ಕೂ ಮೊದಲು, ನೀರಿನ ಬಾಟಲಿ ಕೊಟ್ಟು ಬಾಯಿ ಮುಚ್ಚಿಕೊಂಡು ವಾಪಸು ಬಂದಾಗ. ಬುಟ್ಟಿಯ ಕೆಳಗಿನ ಜಾಗ ನಿಮ್ಮದು, ಅಲ್ಲಿ ಎರಡು ಸೀಟಿ ಬಿದ್ದರೆ ನೀವೇ ಹೇಳಿ ಎಂದು ಅವತ್ತು ನಾನು ಅವರಿಗೆ ಹೇಳಿದ್ದರೆ ಆ ಹುಡುಗಿ ಗೆಲ್ಲುತ್ತಿದ್ದಳು. ನನ್ನ ಸೊಕ್ಕು ಹೆಚ್ಚಾಯಿತೆಂದು ಜನ ಅಂದರು. ಸೊಕ್ಕು ಒಂದು ಪಂದ್ಯದಷ್ಟು ತಡವಾಗಿ ಬಂತು, ನನ್ನ ದೂರು ಅದೊಂದೇ.

ಮುಂದಿನ ಪಂದ್ಯಗಳು ಕಿತ್ತೂರಿನಲ್ಲಿ. ಯಾರ್ಯಾರಿಗೆ ಯಾವ ಕೆಲಸ ಎಂದು ಗೊತ್ತುಮಾಡಲು ಬೈಲಹೊಂಗಲದ ಒಂದು ಶಾಲೆಯಲ್ಲಿ ಸಭೆ ಸೇರಿತು. ಒಪ್ಪಿದವರು ತಮ್ಮ ಹೆಸರಿನ ಮುಂದೆ ಸಹಿ ಮಾಡಲೆಂದು ಪಟ್ಟಿ ಕೈಯಿಂದ ಕೈಗೆ ಬಂತು. ನನ್ನ ಹೆಸರು ಸ್ಕೋರ್ ಟೇಬಲ್ಲಿಗೆ ಹೋಗಿತ್ತು, ರೆಫರಿಗಳ ಜಾಗ ಎರಡೂ ಇನ್ನೂ ಖಾಲಿಯಿದ್ದವು. ನೆರಳಲ್ಲಿ ಕೂರುವ ಕೆಲಸ, ಹೆಣ್ಣುಮಕ್ಕಳಿಗೆ ಆರಾಮ ಎಂದು, ಹಾವು ಕೋಲು ಅಂದಿದ್ದ ಅದೇ ಸಂಘಟಕರು ವಿವರಿಸಿದರು. ನಾನು ಎದ್ದು ನಿಂತೆ.

“ತಪ್ಪು ಊದಿದವ್ರನ್ನೆಲ್ಲಾ ಟೇಬಲ್ಲಿಗೆ ಕುಂಡ್ರಸೂದಾದ್ರ ನಾನೂ ಕುಂಡ್ರತೇನಿ. ಆದ್ರ ಅಷ್ಟ ಕುರ್ಚಿ ಈ ಸಾಲ್ಯಾಗ ಇಲ್ಲ.”

ಒಂದಿಬ್ಬರು ನಕ್ಕರು. ಸರ್ ನಗಲಿಲ್ಲ. ಹಿರಿಯರ ಮಾತು ಕೇಳಿದ್ದರೆ ಅವತ್ತು ತಪ್ಪೇ ಆಗುತ್ತಿರಲಿಲ್ಲ ಎಂದರು, ಪಟ್ಟಿಯನ್ನೇ ನೋಡುತ್ತ.

“ಕೇಳಾಕ ತಯಾರ ಇದ್ದೆ ಸರ್. ಆಕಿ ಕಾಲು ಊರಿದ್ದಿಲ್ಲ ಅಂತ ಒಂದ ಮಾತು ಅಂದಿದ್ರ ಅಲ್ಲೇ ಕೈ ಇಳಸತಿದ್ದೆ. ನೀವು ಅನ್ನಲಿಲ್ಲ. ಆಟದ ಮೊದಲ ನಿಮ್ಮ ಮುಂದ ಬಾಯಿ ತಗೀಬೇಕಿತ್ತು, ನಾ ತಗೀಲಿಲ್ಲ. ಇನ್ನ ಮ್ಯಾಲ ತಗೀತೇನಿ.”

“ಮತ್ತ ತಪ್ಪಾದ್ರ?” ಎಂದರು ಸರ್.

“ಆ ಹುಡುಗಿ ಮನಿಗೆ ಹೋಗಿ, ನಂದು ತಪ್ಪಾತು ಅಂತ ಹೇಳಿ ಬಂದೇನಿ. ಮತ್ತ ಆದ್ರ ಮತ್ತ ಹೋಗತೇನಿ. ನೀವು ಎಷ್ಟು ಮನಿಗೆ ಹೋಗೀರಿ, ಸರ್?”

ನಾನು ಸಂಘಟಕರ ಮುಂದಿದ್ದ ಪೆನ್ನು ತೆಗೆದುಕೊಂಡು, ಸ್ಕೋರ್ ಟೇಬಲ್ ಎಂದಿದ್ದಲ್ಲಿ ನನ್ನ ಹೆಸರು ಹೊಡೆದುಹಾಕಿದೆ. ಮುಖ್ಯ ರೆಫರಿ ಎಂಬಲ್ಲಿ ಬರೆದೆ. ಅದರ ಕೆಳಗೆ ಎರಡನೇ ರೆಫರಿ ಎಂದು ಸರ್ ಹೆಸರು ಬರೆದು, ಕಾಗದವನ್ನೂ ಪೆನ್ನನ್ನೂ ಅವರ ಮುಂದಿಟ್ಟೆ. ಅವರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಎರಡೂ ಹೆಸರು ಓದಿದರು. ಆಮೇಲೆ ತಮ್ಮ ಹೆಸರಿನ ಮುಂದೆ ಸಹಿ ಮಾಡಿದರು.