ಹುಬ್ಬಳ್ಳಿಯ ಹಿಮದಲ್ಲಿ

ಅರವತ್ತರ ದಶಕದ ಮೊದಲಲ್ಲಿ ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದ ಹೊಸ ಲೆಕ್ಚರರ್. ಶಕುನ, ರಾಹುಕಾಲ ಎನ್ನುವವರನ್ನು ಕಂಡರೆ ಉರಿದುಬೀಳುತ್ತಿದ್ದೆ. ಪರಿಚಯದ ಶಾಲಾ ಶಿಕ್ಷಕಿಯೊಬ್ಬಳನ್ನು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಬೇಕಿತ್ತು. ಅದೂ ಇಂಗ್ಲಿಷ್ ಸಿನಿಮಾದವರ ಹಾಗೆ, ಚಳಿಗಾಲದ ಪರವೂರಿನಲ್ಲಿ, ಹಿಮ ಉದುರುವಾಗ. ಹಿಮ ಸಿಗದಿದ್ದರೂ ಪರವೂರಾದರೂ ಸಿಗಲೆಂದು ಮುಂಬಯಿ ಎಂದುಕೊಂಡೆ, ಪುಣೆ ಎಂದುಕೊಂಡೆ. ಆಕೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಾದ್ದರಿಂದ ಕೊನೆಗೆ ಹುಬ್ಬಳ್ಳಿ ಆಯಿತು. ಧಾರವಾಡದವರಿಗೆ ಅದೂ ಪರದೇಶವೇ.

ಆಕೆ ಶಾಲೆಗೊಂದು ಹಾರ್ಮೋನಿಯಂ ನೋಡಲು ಹುಬ್ಬಳ್ಳಿಗೆ ಹೊರಟ ದಿನವೇ ನನಗೂ ಅಲ್ಲಿ ಕೆಲಸ ಹುಟ್ಟಿತು. ಹತ್ತಿಯ ಸುಗ್ಗಿ. ಸಾಲುಗಟ್ಟಿದ ಚಕ್ಕಡಿ ಬಂಡಿಗಳಿಂದ ಹಾರಿದ ಎಳೆಗಳು ಬೀದಿಯ ತುಂಬ ಬೆಳ್ಳಗೆ ತೇಲುತ್ತಿದ್ದವು. ಇದೇ ನನ್ನ ಹಿಮ ಎಂದುಕೊಂಡು, ಆಕೆಯನ್ನು ನಡುಬೀದಿಯಲ್ಲಿ ನಿಲ್ಲಿಸಿ ಕೇಳಿಯೇಬಿಟ್ಟೆ.

ಆಕೆ ಉತ್ತರಕ್ಕೆ ಬಾಯಿ ತೆರೆದಳು, ಸೀನಿದಳು. ಒಂದೇ ಸೀನು.

ಒಂಟಿ ಸೀನು ಅಪಶಕುನ, ಜೋಡಿಯಾದರೆ ದೋಷವಿಲ್ಲ ಎನ್ನುತ್ತಿದ್ದ ಅವ್ವನನ್ನು ಎಷ್ಟು ಗೇಲಿ ಮಾಡಿದ್ದೆ! ಈಗ ಉಸಿರು ಬಿಗಿಹಿಡಿದು ಆಕೆಯ ಮೂಗನ್ನೇ ನೋಡುತ್ತ ನಿಂತೆ.

“ಇನ್ನೊಂದು ಸೀನಿಗೆ ಕಾಯಾಕತ್ತೀರೇನ್ರಿ?” ಎಂದಳು.

“ಛೇ, ಅದನ್ನೆಲ್ಲಾ ನಾ ನಂಬಂಗಿಲ್ರಿ.”

“ನಾ ನಂಬ್ತೇನ್ರಿ. ಆದ್ರ ನನಗ ಇನ್ನೊಂದು ಬರವಲ್ದು. ನೀವ ಸೀನ್ರಿ.”

ವಿಚಾರವಾದಿಯಾದ ನಾನು ಕರವಸ್ತ್ರದ ತುದಿಯನ್ನು ಹುರಿ ಮಾಡಿ, ಚಕ್ಕಡಿಯವರೆಲ್ಲ ನೋಡುತ್ತಿದ್ದಂತೆಯೇ, ಮೂಗಿಗೆ ತುರುಕಿಕೊಂಡೆ.