ಬಾಗಿಲು ದಾಟದ ಕೊಸರು

ಲೆಗಿನೆಮ್ ಅಕ್ಕನ ಬಗ್ಗೆ ಹೇಳಬೇಕೆಂದರೆ ಅವಳ ಸೊಂಟದಿಂದಲೇ ಶುರು ಮಾಡಬೇಕು. ಅದು ನೋಯದೆ ಇದ್ದ ದಿನವನ್ನು ನಾನಂತೂ ಕಂಡಿಲ್ಲ. ನಾನು ಹುಟ್ಟುವ ಮೊದಲೇ ಅವಳು ಮೆರ್ಬಾಬು ಬೆಟ್ಟದ ನಮ್ಮ ಊರಿನಿಂದ ಕೆಳಗಿನ ಸಂತೆಗೆ ಬೆನ್ನ ಮೇಲೆ ಸೊಪ್ಪು ಹೊತ್ತು ಇಳಿಯುತ್ತಿದ್ದಳಂತೆ. ಹುಟ್ಟಿದ್ದು ಕೂಡ ಸಂತೆಯಲ್ಲೇ. ಐದು ದಿನಕ್ಕೊಮ್ಮೆ ಬರುವ ಲೆಗಿ ಸಂತೆಯ ದಿನ ಅವಳ ತಾಯಿಗೆ ಎಲೆಕೋಸಿನ ರಾಶಿಯ ಪಕ್ಕದಲ್ಲಿ ಹೆರಿಗೆ ನೋವು ಬಂತು, ಮಗುವಿಗೆ ಆ ದಿನದ ಹೆಸರೇ ಬಿತ್ತು. "ಸಂತೇಲಿ ಹುಟ್ಟಿದವಳು ಸಂತೇಲೇ ಸಾಯ್ತೀನಿ ಬಿಡು" ಎಂದು ಹೇಳಿ ಮೊದಲೆಲ್ಲ ನಗುತ್ತಿದ್ದಳು. ಈಗ ಮಾತು ಅದೇ ಇದೆ, ನಗುವುದನ್ನು ಬಿಟ್ಟಿದ್ದಾಳೆ.

ನಾನು ಪಾರ್ದಿ, ಪಿಕಪ್ ಗಾಡಿ ಓಡಿಸುವವನು. ಗಾಡಿಯೂ ನನ್ನದೇ, ಮುಂಗೋಪವೂ ನನ್ನದೇ. ಎರಡನ್ನೂ ಹೇಗೋ ಸಂಭಾಳಿಸಿಕೊಂಡು ಊರಿನ ಸೊಪ್ಪು ತರಕಾರಿಯನ್ನು ಸೆಮಾರಾಂಗ್ ಪಟ್ಟಣದ ಒಂದು ದೊಡ್ಡ ಅಂಗಡಿಗೆ ಮುಟ್ಟಿಸುತ್ತೇನೆ. ಆ ಅಂಗಡಿಯ ಹಿಂಬಾಗಿಲನ್ನು ನಮಗಾಗಿ ತೆರೆಸಿದವಳು ಲೆಗಿನೆಮ್. ಅಕ್ಕನಿಗೆ ನಮ್ಮ ಕಡೆ ಯು ಅನ್ನುತ್ತೇವೆ, ಹಾಗಾಗಿ ಊರಿಗೆಲ್ಲ ಅವಳು ಯು ಲೆಗಿ.

ಮೊದಲೆಲ್ಲ ದಲ್ಲಾಳಿ ಬರುತ್ತಿದ್ದ. ಬೆಳೆ ಇನ್ನೂ ನೆಲದಲ್ಲಿರುವಾಗಲೇ ಬಂದು, ಬೈಕಿನಿಂದ ಇಳಿಯದೆ, ಬದುವಿನಾಚೆಯಿಂದ ಒಮ್ಮೆ ಕಣ್ಣು ಹಾಯಿಸಿ ಇಡೀ ಹೊಲಕ್ಕೆ ಒಂದು ಬೆಲೆ ಹೇಳುವನು. "ಮಳೆ ಬರೋ ಹಾಗಿದೆಯಪ್ಪ, ನಾಳೆ ಇಷ್ಟೂ ಸಿಗಲ್ಲ" ಎನ್ನುವನು. ನಮ್ಮವರಿಗೆ ಎದುರಿಗಿದ್ದವನ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ತಲೆ ತಗ್ಗಿಸಿ ಹೂಂ ಅನ್ನುವರು, ಆಮೇಲೆ ಒಳಗೆ ಹೋಗಿ ಹೆಂಡತಿಯ ಮೇಲೆ ರೇಗುವರು. ನನ್ನಪ್ಪನೂ ಇದನ್ನೇ ಮಾಡಿದ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಯು ಲೆಗಿ ಒಮ್ಮೆ ಯಾರದೋ ಮದುವೆಯ ಅಡುಗೆಗೆ ಕೈಜೋಡಿಸಲು ಸೆಮಾರಾಂಗಿಗೆ ಹೋದವಳು ಆ ದೊಡ್ಡ ಅಂಗಡಿಯೊಳಗೆ ಹೊಕ್ಕಳು. ಅಲ್ಲಿ ಸಾಸಿವೆ ಸೊಪ್ಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು, ಮೇಲೊಂದು ಬೆಟ್ಟದ ಚಿತ್ರ. ಊರಿಗೆ ಬಂದವಳು ನನಗೆ ಹೇಳಿದ್ದು ಇಷ್ಟೇ: "ನಮ್ಮ ಬೆಟ್ಟನ ಒಳಗೆ ಬಿಟ್ಕೊಂಡಿದಾರೆ ಕಣೋ, ನಮ್ಮನ್ನ ಯಾಕೆ ಬಿಡಬಾರದು?" ಮರುವಾರವೇ ಹೋಗಿ ಅಂಗಡಿಯ ಹಿಂಬಾಗಿಲಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕುಳಿತಳು. ಕಾವಲಿನವನು ಏಳು ಅಂದರೆ ಏಳುವಳು, ಅವನು ಅತ್ತ ತಿರುಗಿದರೆ ಮತ್ತೆ ಕೂರುವಳು. ಕೊನೆಗೆ ತರಕಾರಿ ವಿಭಾಗ ನೋಡಿಕೊಳ್ಳುವ ಬು ಇರಾವತಿ ಹೊರಗೆ ಬಂದರು. ಬು ಅಂದರೆ ಅಮ್ಮಾವ್ರು ಅಂದ ಹಾಗೆ. ಗಂಟು ಬಿಚ್ಚಿಸಿ, ಒಂದು ಎಲೆ ಮುರಿದು ಮೂಸಿ ನೋಡಿದರು. ಬಾಗಿಲು ತೆರೆಯಿತು.

ಇರಾವತಿಯವರ ಷರತ್ತುಗಳು ದೊಡ್ಡವೇನಲ್ಲ. ಸೊಪ್ಪು ತೊಳೆದಿರಬೇಕು, ಬೆಳಗ್ಗೆ ಹತ್ತರೊಳಗೆ ಬಂದಿರಬೇಕು, ಕಟ್ಟುಗಳೆಲ್ಲ ಒಂದೇ ಸಮ ಇರಬೇಕು. ಮೊದಲಿನ ಎರಡನ್ನು ನಮ್ಮ ಹೆಂಗಸರು ಕಣ್ಣುಮುಚ್ಚಿ ಮಾಡಿದರು. ಮೂರನೆಯದರಲ್ಲಿ ನಮ್ಮ ಪ್ರಾಣ ಹೋಯಿತು.

ನಮ್ಮಲ್ಲಿ ಅಳೆದದ್ದನ್ನು ಅಳೆದಷ್ಟೇ ಯಾರೂ ಕೊಡುವುದಿಲ್ಲ. ಅಕ್ಕಿಯಾಗಲಿ ಸೊಪ್ಪಾಗಲಿ, ಅಳತೆ ಮುಗಿದ ಮೇಲೆ ಒಂದು ಹಿಡಿ ಇಂಬುಹ್ ಹಾಕಬೇಕು. ಇಂಬುಹ್ ಎಂದರೆ ಕೊಸರು. ಕೊಸರು ಹಾಕದೆ ಕೈಗಿಟ್ಟರೆ ತೆಗೆದುಕೊಂಡವರ ಮುಖಕ್ಕೆ ಬಾಗಿಲು ಹಾಕಿದಂತೆ. ಯು ಲೆಗಿ ತನ್ನ ಜಗಲಿಯಲ್ಲಿ ತಕ್ಕಡಿ ಇಟ್ಟಳು, ರಬ್ಬರ್ ಬ್ಯಾಂಡ್ ಹಂಚಿದಳು, ಒಂದೊಂದು ಕಟ್ಟನ್ನೂ ತೂಗಿಸಿದಳು. ಅವಳ ಕಣ್ಣೆದುರು ಎಲ್ಲ ಸರಿಯಾಗಿಯೇ ಇರುತ್ತಿತ್ತು. ತೂಗಿದ ಕಟ್ಟನ್ನು ಕ್ರೇಟಿಗೆ ಇಡುವಾಗ ಮಾತ್ರ ಹೆಂಗಸರ ಕೈ ಸೆರಗಿನೊಳಗೆ ಹೋಗಿ ಬರುವುದು, ಕಟ್ಟಿನ ನಡುವೆ ಇನ್ನೊಂದು ಹಿಡಿ ಸೊಪ್ಪು ಸೇರುವುದು.

ಎಲ್ಲರಿಗಿಂತ ಉದಾರಿ ಎಂಬಾಹ್ ಸಾನಿಕೆಮ್. ಎಂಬಾಹ್ ಅಂದರೆ ಅಜ್ಜಿ. ಮನೆ ತುಂಬ ಮೊಮ್ಮಕ್ಕಳು, ಮನೆ ಹಿಂದೆ ನಾಲ್ಕು ಚಾಪೆ ಹಾಸುವಷ್ಟು ನೆಲ, ಅದರಲ್ಲಿ ಈರುಳ್ಳಿ ಸೊಪ್ಪು. ಆಕೆಯ ಕಟ್ಟುಗಳು ಗಾಡಿ ಏರುವಷ್ಟರಲ್ಲಿ ಬಸುರಿಯರ ಹಾಗೆ ಉಬ್ಬಿರುತ್ತಿದ್ದವು.

ಅಂಗಡಿಯವರು ಒಂದು ಸಲ ವಾಪಸು ಕಳಿಸಿದರು. ಎರಡನೇ ಸಲವೂ ಕಳಿಸಿದರು. ಆಗ ನಾನು ತಡೆಯಲಾರದೆ ಬಾಯಿಬಿಟ್ಟೆ.

"ಹೆಚ್ಚು ಕೊಟ್ಟಿದ್ದಕ್ಕೆ ಯಾರಾದ್ರೂ ವಾಪಸ್ ಕಳಿಸ್ತಾರಾ ಬು? ಕಡಿಮೆ ಕೊಟ್ಟು ಮೋಸ ಮಾಡಿದೀವಾ?"

ಇರಾವತಿಯವರು ರೇಗಲಿಲ್ಲ. ಅವರ ಮುಖದಲ್ಲೂ ನಿದ್ದೆಗೆಟ್ಟ ಕಳೆ ಇತ್ತು. "ಕಟ್ಟಿಗೆ ಒಂದೇ ಬೆಲೆ ಕಣಪ್ಪ. ಬಂದವರು ದಪ್ಪಗಿರೋದನ್ನ ಹುಡುಕ್ತಾ ಎಲ್ಲಾ ಕೆದಕಿ ಹೋಗ್ತಾರೆ. ಉಳಿದಿದ್ದು ಸಂಜೆಗೆ ಬಾಡತ್ತೆ. ಮೇಲಿನವರು ನನ್ನ ಕೇಳ್ತಾರೆ." ಆಮೇಲೆ ಯು ಲೆಗಿಯ ಕಡೆ ತಿರುಗಿದರು. "ಬು ಲೆಗಿನೆಮ್, ನಿಮ್ಮ ಸೊಪ್ಪು ನಂಗಿಷ್ಟ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ. ಬಾಗಿಲು ಮುಚ್ಚಬೇಕಾಗತ್ತೆ."

ಬಾಗಿಲು ಮುಚ್ಚಿದರೆ ಮತ್ತೆ ದಲ್ಲಾಳಿಯೇ ಗತಿ. ಅವನಾದರೂ ಬಿಡುತ್ತಾನೆಯೇ? ಯು ಲೆಗಿಯ ಮಾತು ಕೇಳಿ ಅವನನ್ನು ಬೇಡ ಅಂದ ಮನೆಗಳೆಲ್ಲ ಅವನಿಗೆ ನೆನಪಿದ್ದವು. ಸಂತೆಯಲ್ಲಿ ಎದುರಾದಾಗ ಆ ಮಾತನ್ನು ನಗುನಗುತ್ತಲೇ ಆಡಿ ತೋರಿಸುತ್ತಿದ್ದ.

ಅಂದು ಸಂಜೆ ಯು ಲೆಗಿ ಹೆಂಗಸರನ್ನೆಲ್ಲ ಜಗಲಿಗೆ ಕರೆಸಿದಳು. ಅವಳ ಗಂಡ ಪಾಕ್ ತ್ರಿಮೊ ಜಗಳದ ಸೂಚನೆ ಸಿಕ್ಕಿದ ಕೂಡಲೇ ಹಸುಗಳಿಗೆ ಹುಲ್ಲು ತರಲು ಹೋಗಿಬಿಡುವ ಮನುಷ್ಯ, ಅಂದೂ ಹೋದ. ಯು ಲೆಗಿ ಜೀವನದಲ್ಲಿ ಮೊದಲ ಸಲ ಊರಿನವರ ಮೇಲೆ ದನಿ ಎತ್ತಿದಳು.

"ಇನ್ಮೇಲೆ ಒಂದು ಎಳೆನೂ ಹೆಚ್ಚು ಹಾಕ್ಬಾರ್ದು. ಅವರಿಗೆ ಕೊಸರು ಬೇಡ. ಬೇಡ ಅಂದ್ರೆ ಬೇಡ."

ಎಲ್ಲರೂ ನೆಲ ನೋಡುತ್ತಾ ಹೂಂ ಅಂದರು. ನಮ್ಮವರ ಹೂಂ ಎಂಥದ್ದೆಂದು ಆಗಲೇ ಹೇಳಿದ್ದೇನೆ. ಎಂಬಾಹ್ ಸಾನಿಕೆಮ್ ಮಾತ್ರ ನಿಧಾನವಾಗಿ ಎದ್ದು ನಿಂತರು.

"ಬೇಡ ಅಂದ್ರಾ?"

"ಹೌದು ಎಂಬಾಹ್."

"ನನ್ನ ಕೈಯದು ಬೇಡ ಅಂತ."

"ನಿಮ್ಮದು ಅಂತಲ್ಲ. ಯಾರದ್ದೂ."

"ಸರಿ ಬಿಡು ಲೆಗಿ. ಅಳೆದು ಬಿಸಾಕಿ ಬರೋ ಹಾಗೆ ನಮ್ಮಮ್ಮ ನಂಗೆ ಕಲಿಸ್ಲಿಲ್ಲ. ನಿಂಗೂ ನಿಮ್ಮಮ್ಮ ಕಲಿಸಿರ್ಲಿಲ್ಲ."

ಮರುದಿನ ಅಜ್ಜಿಯ ಸೊಪ್ಪು ಬರಲಿಲ್ಲ. ಅಜ್ಜಿಯ ಅಕ್ಕಪಕ್ಕದ ಎರಡು ಮನೆಗಳದ್ದೂ ಬರಲಿಲ್ಲ. ಗಾಡಿ ಒರೆಸುತ್ತಾ ನಿಂತಿದ್ದ ನನಗೆ ಅಜ್ಜಿಯ ಬೇಲಿಯ ಹತ್ತಿರ ದಲ್ಲಾಳಿಯ ಬೈಕು ಕಾಣಿಸಿತು. ಓಡಿಹೋಗಿ ಯು ಲೆಗಿಗೆ ಹೇಳಿದೆ. ಅವಳು ಒಲೆಯ ಮುಂದೆ ಕುಳಿತಿದ್ದಳು. ಕೇಳಿದವಳೇ ಸೊಂಟ ಹಿಡಿದುಕೊಂಡು ಎದ್ದು ಅಜ್ಜಿಯ ಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

ದಲ್ಲಾಳಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಯು ಲೆಗಿ ಅವನಿಗೆ ಬಾಗಿ ನಮಸ್ಕರಿಸಿ, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅಜ್ಜಿಯ ಕಾಲ ಬಳಿ ಕುಳಿತಳು.

"ನಂದೇ ತಪ್ಪು ಎಂಬಾಹ್. ಅಂಗಡಿಯವರು ಹಾಗಂದಿರ್ಲಿಲ್ಲ. ನಂಗೆ ಅರ್ಥ ಆಗ್ಲಿಲ್ಲ. ನೀವು ಮೊದಲಿನ ಹಾಗೇ ಹಾಕಿ."

"ತಗೋತಾರಾ?"

"ತಗೋತಾರೆ."

ಅಜ್ಜಿ ಅವಳ ಮುಖವನ್ನೇ ನೋಡಿ, ಒಳಗೆ ಹೋಗಿ ಅವಳಿಗೂ ಒಂದು ಲೋಟ ಕಾಫಿ ತಂದರು. ದಲ್ಲಾಳಿ ಕಾಫಿ ಮುಗಿಸಿ ಹೊರಟುಹೋದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಾರಿಯಲ್ಲಿ ಅವಳನ್ನು ತಡೆದು ಕೇಳಿದೆ. "ತಲೆ ಕೆಟ್ಟಿದೆಯಾ ಯು? ಆ ಕಡೆ ಬಾಗಿಲು ಮುಚ್ತೀವಿ ಅಂತಾರೆ, ಈ ಕಡೆ ನೀನು ಹಾಕಿ ಹಾಕಿ ಅಂತೀಯ. ಅಜ್ಜಿಗೆ ನಿಜ ಹೇಳೋದು ಬಿಟ್ಟು."

"ಹೇಳ್ದೆನಲ್ಲ ನಿನ್ನೆ. ನೋಡಿದೆಯಲ್ಲ ಏನಾಯ್ತು ಅಂತ." ಸ್ವಲ್ಪ ನಿಂತು ಉಸಿರೆಳೆದುಕೊಂಡಳು. "ನಾಳೆ ಒಂದು ಗಂಟೆ ಬೇಗ ಹೊರಡೋಣ. ನೀನು ಬೈಕೊಂಡಾದ್ರೂ ಬಾ."

ಬೈದುಕೊಂಡೇ ಹೋದೆ. ಬೆಳಗಿನ ನಮಾಜು ಮುಗಿದ ಕೂಡಲೇ ಹೊರಟು, ಪಟ್ಟಣ ಇನ್ನೂ ದೂರವಿರುವಾಗಲೇ ರಸ್ತೆ ಪಕ್ಕದ ಒಂದು ದೊಡ್ಡ ಮರದ ಕೆಳಗೆ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಅಲ್ಲೊಂದು ಪೆಚೆಲ್ ಅಂಗಡಿ. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿದು ಕೊಡುವ ಹೆಂಗಸು ಆಗಷ್ಟೇ ಒಲೆ ಹಚ್ಚುತ್ತಿದ್ದಳು. ಯು ಲೆಗಿ ಕ್ರೇಟುಗಳನ್ನು ಇಳಿಸಿಕೊಂಡು, ನೆಲದ ಮೇಲೆ ಗೋಣಿ ಹಾಸಿ ಕುಳಿತು, ಕಟ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ನಡುವಿನ ಕೊಸರನ್ನು ಹೊರತೆಗೆದು, ತೂಗಿ, ಮತ್ತೆ ಕಟ್ಟುವುದು. ನನಗೂ ಒಂದು ರಾಶಿ ತಳ್ಳಿದಳು. ಮಂಜಿಗೆ ಸೊಪ್ಪು ತಣ್ಣಗಿತ್ತು, ಬೆರಳು ಮರಗಟ್ಟಿದವು. ತೆಗೆದ ಕೊಸರು ಪಕ್ಕದಲ್ಲಿ ರಾಶಿ ಬಿತ್ತು. ಅದನ್ನು ಪೆಚೆಲಿನವಳು ಎತ್ತಿಕೊಂಡು ನಮಗೆ ಟೀ ಕೊಟ್ಟಳು.

ಹತ್ತಕ್ಕೆ ಮೊದಲೇ ಬಾಗಿಲು ಮುಟ್ಟಿದೆವು. ಇರಾವತಿಯವರು ತಾವೇ ಬಂದು ಒಂದೊಂದು ಕ್ರೇಟಿನಿಂದಲೂ ಕಟ್ಟು ಎತ್ತಿ ನೋಡಿದರು. ಯು ಲೆಗಿ ಕೈಕಟ್ಟಿ ನಿಂತಿದ್ದಳು, ತುಟಿ ಏನೋ ಪ್ರಾರ್ಥಿಸುತ್ತಿತ್ತು.

"ಅಂತೂ ನಿಮ್ಮವರು ಕಲಿತ್ರು ನೋಡಿ" ಎಂದರು ಇರಾವತಿ.

"ಹೌದು ಬು, ಕಲಿತ್ರು" ಎಂದಳು ಯು ಲೆಗಿ.

ಊರಿಗೆ ಬಂದಾಗ ಎಂಬಾಹ್ ಸಾನಿಕೆಮ್ ರಸ್ತೆಗೇ ಬಂದು ನಿಂತಿದ್ದರು. "ತಗೊಂಡ್ರಾ ಲೆಗಿ?" "ತಗೊಂಡ್ರು ಎಂಬಾಹ್." ಅಷ್ಟೇ ಮಾತು. ಅಲ್ಲಿಂದ ಇದೇ ನಮ್ಮ ಬದುಕಾಯಿತು. ಹೆಂಗಸರು ಕೊಸರು ಸೇರಿಸುವುದು, ನಾವು ಮರದ ಕೆಳಗೆ ಬಿಚ್ಚುವುದು, ಬಾಗಿಲಲ್ಲಿ ಒಂದು ಸುಳ್ಳು, ಊರಲ್ಲಿ ಒಂದು ಸುಳ್ಳು. ದಲ್ಲಾಳಿಯ ಬೈಕು ನಮ್ಮ ಓಣಿಗೆ ಬರುವುದು ನಿಂತಿತು. ಯು ಲೆಗಿ ಗಾಡಿಯಲ್ಲಿ ಕೂತಲ್ಲೇ ತೂಕಡಿಸುವಳು, ತೂಕಡಿಕೆಯಲ್ಲೂ ಬೆರಳುಗಳು ಏನನ್ನೋ ಬಿಚ್ಚುತ್ತಿರುವವು. "ಎಷ್ಟು ದಿನ ಹೀಗೆ? ಒಂದು ದಿನ ನಾನೇ ಅಜ್ಜಿಗೆ ಬಾಯಿಬಿಟ್ಟು ಹೇಳಿಬಿಡ್ತೀನಿ" ಎಂದು ನಾನು ಹಾರಾಡುತ್ತಿದ್ದೆ. "ಹೇಳು ಹೋಗು" ಎನ್ನುವಳು, ಕಣ್ಣು ತೆರೆಯದೆ.

ನಿನ್ನೆ ಅವಳಿಗೆ ಹಾಸಿಗೆಯಿಂದ ಏಳಲು ಆಗಲೇ ಇಲ್ಲ. ಸೊಂಟ ಹಿಡಿದುಕೊಂಡಿತ್ತು. ನಾನೊಬ್ಬನೇ ಹೋಗಿ, ಒಬ್ಬನೇ ಎಲ್ಲ ಬಿಚ್ಚಿ ಕಟ್ಟಿ, ಬಾಗಿಲು ಮುಚ್ಚುವ ಹೊತ್ತಿಗೆ ಹೇಗೋ ಮುಟ್ಟಿಸಿದೆ. ವಾಪಸು ಬರುವಾಗ ಗಟ್ಟಿ ಮನಸ್ಸು ಮಾಡಿದ್ದೆ. ಇವತ್ತು ಹೇಳಿಯೇ ಬಿಡುವುದು, ಯು ಲೆಗಿಯ ಸೊಂಟಕ್ಕಿಂತ ಅಜ್ಜಿಯ ಕೊಸರು ದೊಡ್ಡದಲ್ಲ ಅಂತ.

ಅಜ್ಜಿ ಎಂದಿನ ಹಾಗೆ ರಸ್ತೆಯಲ್ಲೇ ನಿಂತಿದ್ದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ನನಗೆಂದು ಬೇಯಿಸಿದ ಗೆಣಸು. ಪೊಟ್ಟಣ ಕೊಟ್ಟು, ಒಂದು ಗೆಣಸು ಬೇರೆಯಾಗಿ ಅದರ ಮೇಲಿಟ್ಟು ಕೇಳಿದರು.

"ಲೆಗಿ ಇರ್ಲಿಲ್ಲ ಅಂತ ಬೇಡ ಅಂದ್ರೇನೋ ಪಾರ್ದಿ?"

ನಾನು ಬಾಯಿ ತೆರೆದೆ. "ಇಲ್ಲ ಎಂಬಾಹ್. ಕೇಳಿ ತಗೊಂಡ್ರು. ಈರುಳ್ಳಿ ಸೊಪ್ಪಿನ ಅಜ್ಜಿ ಕಳಿಸಿದ್ದು ಎಲ್ಲಿ ಅಂತ ಅವರೇ ಕೇಳಿದ್ರು."

ಇಂದು ಬೆಳಗ್ಗೆ ಕ್ರೇಟುಗಳ ಮುಚ್ಚಳ ಕೂರುತ್ತಿರಲಿಲ್ಲ. ಅಜ್ಜಿಯವು ಮಾತ್ರವಲ್ಲ, ಓಣಿಯ ಎಲ್ಲರ ಕಟ್ಟುಗಳೂ ಉಬ್ಬಿದ್ದವು. ಯು ಲೆಗಿ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಬಂದಿದ್ದಳು. ಮರದ ಕೆಳಗೆ ಗೋಣಿ ಹಾಸಿ, ಮೊದಲ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ನನ್ನ ಕಡೆ ತಿರುಗಿದಳು.

"ಏನು ಹೇಳ್ದೆ ನೀನು ಅಜ್ಜಿಗೆ?"

"ಅವರೇ ಕೇಳಿ ತಗೊಂಡ್ರು ಅಂದೆ."

ಬೈಯುತ್ತಾಳೆ ಎಂದುಕೊಂಡೆ. ಅವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾನು ಇಷ್ಟು ದಿನ ಬರೀ ತಗೊಂಡ್ರು ಅಂತಿದ್ದೆ. ಕೇಳಿದ್ರು ಅನ್ನೋಕೆ ನಂಗೆ ಬಾಯಿ ಬಂದಿರ್ಲಿಲ್ಲ ಕಣೋ. ಅಜ್ಜಿ ಏನಂದ್ರು?"

"ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು."

ಯು ಲೆಗಿ ತಲೆಯಾಡಿಸಿದಳು. ಆಮೇಲೆ ಅರ್ಧ ರಾಶಿಯನ್ನು ನನ್ನ ಕಡೆ ತಳ್ಳಿದಳು.

"ಕೂತ್ಕೊ. ಬಿಚ್ಚು. ಹತ್ತಕ್ಕೆ ಬಾಗಿಲು ಮುಚ್ತಾರೆ."